ಪೋಡಿಗೆ ಬಂದ ಜೀಪು



ಐವತ್ತು ತುಂಬಿದ ಶಾಲೆಯನ್ನು ಹೊಗಳಲು ನನಗಿಂತ ಮಾತು ಬಲ್ಲವರು ಇಲ್ಲಿದ್ದಾರೆ. ಆರೋಗ್ಯ ಸಹಾಯಕಿಯಾಗಿ ಕೊರೊನಾ ಕಾಲದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಕಂಡದ್ದನ್ನಷ್ಟೇ ಹೇಳುತ್ತೇನೆ.

"ಕಾಡಿನ ಜನಕ್ಕೆ ತಿಳಿವಳಿಕೆ ಇಲ್ಲ, ಸೂಜಿ ಕಂಡರೆ ಓಡುತ್ತಾರೆ" ಎಂಬ ಮಾತು ಆಗ ಹಬ್ಬಿತ್ತು. ಓಡಿದವರು ಇದ್ದರು, ಸುಳ್ಳಲ್ಲ. ಪಟ್ಟಣದಲ್ಲೂ ಇದ್ದರು, ಅವರನ್ನು ಯಾರೂ ಹಾಗೆ ಆಡಿಕೊಳ್ಳಲಿಲ್ಲ.

ನಿಯಮಗಳನ್ನೇ ನೋಡಿ. ಸೋಂಕಿತರು ಪ್ರತ್ಯೇಕ ಕೋಣೆಯಲ್ಲಿರಬೇಕು. ಮನೆಗೆ ಇರುವುದೇ ಒಂದು ಕೋಣೆ. 2021ರ ಮೇ 1ರಿಂದ 18 ತುಂಬಿದವರಿಗೆಲ್ಲ ಲಸಿಕೆ ಎಂದರು, ಆದರೆ 45ರೊಳಗಿನವರು ಮೊದಲು ಕೋವಿನ್‌ನಲ್ಲಿ ಹೆಸರು ನೋಂದಾಯಿಸಬೇಕಿತ್ತು. ಸಿಗ್ನಲ್‌ಗಾಗಿ ಬಂಡೆ ಹತ್ತಬೇಕಾದವರು ಏನು ಮಾಡಬೇಕು? ನೇರವಾಗಿ ಬಂದವರಿಗೂ ಸರ್ಕಾರಿ ಕೇಂದ್ರಗಳಲ್ಲಿ ನೋಂದಣಿ ಮಾಡಬಹುದು ಎಂಬ ಆದೇಶ ಬಂದದ್ದು ಆ ತಿಂಗಳ 24ಕ್ಕೆ.

ಹಸಿವು ಅದಕ್ಕೂ ಮೊದಲೇ ಬಂದಿತ್ತು. 2020ರ ಮಾರ್ಚ್ 25ರ ಲಾಕ್‌ಡೌನ್ ಜೇನಿನ ಕಾಲ ಶುರುವಾಗುವ ಹೊತ್ತಿಗೆ ಸರಿಯಾಗಿ ಬಿತ್ತು. ಕಾಫಿ ತೋಟದ ಕೂಲಿಯೂ ನಿಂತಿತು. ಇವರಲ್ಲಿ ಕೆಲವರಿಗೆ ಸಿಕಲ್ ಸೆಲ್ ಕಾಯಿಲೆ ಇದೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ, ಕೀಲುಗಳಲ್ಲಿ ತಡೆಯಲಾರದ ನೋವು. ಅಂಥವರಿಗೆ ಕೊರೊನಾ ತಗುಲಿದರೆ ಅಪಾಯ ಹೆಚ್ಚು. ಎಷ್ಟೋ ಜನ ವರ್ಷಗಟ್ಟಲೆ ಬರೀ ನೋವಿನ ಮಾತ್ರೆ ನುಂಗಿ ದಿನ ದೂಡಿದವರು. ಈ ಕಾಯಿಲೆಯನ್ನು ಹುಡುಕಿ ತಪಾಸಣೆ ಮಾಡುವ ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರ ಜುಲೈಯಲ್ಲಿ, ಕೊರೊನಾ ಇಳಿದ ಮೇಲೆ.

ಒಂದು ಪೋಡಿನಲ್ಲಿ ಅಜ್ಜಿಯೊಬ್ಬರು ಕೇಳಿದರು: "ಹೆರಿಗೆ ನೋವು ಬಂದಾಗ ಬರ್ದೆ ಇದ್ದ ಜೀಪು, ಸೂಜಿ ಚುಚ್ಚಾಕೆ ಮಾತ್ರ ಎಂಗವ್ವ ಬಂತು?" ನನ್ನಲ್ಲಿ ಉತ್ತರವಿರಲಿಲ್ಲ, ಇವತ್ತೂ ಇಲ್ಲ. ಆ ದಿನ ಲಸಿಕೆಯ ಮಾತನ್ನೇ ಎತ್ತದೆ ಅವರ ಬಿಪಿ ನೋಡಿದೆ, ಮೊಮ್ಮಗನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿದೆ. ಮುಂದಿನ ಸಲ ಸಂಜೆ, ಕೂಲಿಯಿಂದ ಜನ ಮರಳುವ ಹೊತ್ತಿಗೆ, ಸೋಲಿಗರದ್ದೇ ಮಗಳಾದ ದಾದಿಯೊಬ್ಬಳನ್ನು ಕರೆದುಕೊಂಡು ಹೋದೆ. 1981ರಿಂದ ಬೆಟ್ಟದಲ್ಲಿರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇಂಥ ಹೆಣ್ಣುಮಕ್ಕಳಿಗೆ ತರಬೇತಿ ಕೊಡುತ್ತಾ ಬಂದಿದೆ. ಅವಳು ಯಜಮಾನರ ಜಗುಲಿಯಲ್ಲಿ ಕೂತು ಅವರ ಮಾತಿನಲ್ಲೇ ಹೇಳಿದಳು, ನಾನು ಸುಮ್ಮನಿದ್ದೆ. ನಾಲ್ಕನೆಯ ಸಲ ಹೋದಾಗ ಅಜ್ಜಿ ತಾವೇ ತೋಳು ಮುಂದೆ ಮಾಡಿದರು. ಆಮೇಲೆ ಉಳಿದವರು ಬಂದರು.

ಪೋಡುಗಳಿಂದ ಬರುವ ಮೂವರು ಹುಡುಗಿಯರು ಈಗ ಇಲ್ಲಿ ಓದುತ್ತಿದ್ದಾರೆಂದು ಮುಖ್ಯೋಪಾಧ್ಯಾಯರು ಹೇಳಿದರು. ಅವರಲ್ಲಿ ಯಾರಿಗಾದರೂ ನರ್ಸಿಂಗ್ ಓದುವ ಮನಸ್ಸಿದ್ದರೆ, ಅರ್ಜಿ ತುಂಬಲು, ಜಾತಿ ಪ್ರಮಾಣಪತ್ರಕ್ಕೆ ತಾಲ್ಲೂಕು ಕಚೇರಿಗೆ ಓಡಾಡಲು ನಾನು ಜೊತೆಗಿರುತ್ತೇನೆ. ಊಟವಾದ ಮೇಲೆ ಬಂದು ಮಾತಾಡಿಸಿ, ಇಲ್ಲೇ ಇರುತ್ತೇನೆ.