ನೇಗಿಲ ಸಾಲಿನಲ್ಲಿ ಸಿಕ್ಕ ಆಕಾಶ



ಹೊಲ ಉಳುವಾಗ ಜನಕರಾಜನಿಗೆ ಸೀತೆ ದೊರೆತ ಕಥೆ ನಮಗೆಲ್ಲ ಪರಿಚಿತ. ‘ಸೀತಾ’ ಎಂದರೆ ನೇಗಿಲ ಸಾಲು. 1920ರಲ್ಲಿ, ಇಂದಿನ ನಮೀಬಿಯದ ಗ್ರೂಟ್‌ಫಾಂಟೀನ್ ಪಟ್ಟಣದ ಸಮೀಪ, ಹೋಬಾ ಎಂಬಲ್ಲಿ ಎತ್ತು ಹೂಡಿ ಉಳುತ್ತಿದ್ದ ಯಾಕೋಬಸ್ ಬ್ರಿಟ್ಸ್ ಎಂಬ ರೈತನಿಗೆ ಅಂಥದೇ ಸಾಲಿನಲ್ಲಿ ಆಕಾಶದ ತುಂಡೊಂದು ದೊರೆಯಿತು. ಲೋಹಕ್ಕೆ ಲೋಹ ಉಜ್ಜಿದ ಕರ್ಕಶ ಸದ್ದಿನೊಡನೆ ನೇಗಿಲು ಥಟ್ಟನೆ ನಿಂತಿತು. ಬದಿಗೆ ಸರಿದು ಉಳುಮೆ ಮುಂದುವರಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆತ ನಿಂತು, ಮಣ್ಣು ಕೆದಕಿ ನೋಡಿದ.

ಅಗೆದಾಗ ಕಂಡದ್ದು ಸುಮಾರು 2.7 ಮೀಟರ್ ಉದ್ದ, ಅಷ್ಟೇ ಅಗಲ, 60 ಟನ್ನಿನಷ್ಟು ತೂಕದ ಚಪ್ಪಟೆ ಪಿಂಡ. ಭೂಮಿಯ ಮೇಲೆ ತಿಳಿದಿರುವ ಉಲ್ಕಾಪಿಂಡಗಳಲ್ಲಿ ಇಷ್ಟು ದೊಡ್ಡದು ಬೇರೊಂದಿಲ್ಲ. ಆದರೆ ಅದನ್ನು ಗುರುತಿಸಿದ ಬಗೆ ಸ್ವಾರಸ್ಯಕರ. ಸುತ್ತ ಕುಳಿಯಿರಲಿಲ್ಲ. ಬಹುಪಾಲು ಕಬ್ಬಿಣದ ಉಲ್ಕೆಗಳನ್ನು ಕೊಯ್ದು, ನಯಗೊಳಿಸಿ, ಆಮ್ಲದಲ್ಲಿ ತೊಳೆದರೆ ಒಂದನ್ನೊಂದು ಹಾಯುವ ಪಟ್ಟೆಗಳ ಚಿತ್ತಾರ ಮೂಡುತ್ತದೆ. ಹೋಬಾದಲ್ಲಿ ಅದೂ ಇಲ್ಲ. ಸತ್ಯ ಹೊರಬಿದ್ದದ್ದು ಅದರ ಘಟಕಗಳಿಂದ: ಶೇಕಡ 84ರಷ್ಟು ಕಬ್ಬಿಣ, ಸುಮಾರು 16ರಷ್ಟು ನಿಕ್ಕಲ್. ನಿಕ್ಕಲಿನ ಈ ಹೇರಳತೆಯಿಂದಲೇ ಚಿತ್ತಾರ ಮೂಡದೆಹೋಯಿತು.

ಇದನ್ನು ಹೇಳಲು ನನಗೆ ಸ್ವಂತ ಕಾರಣವೊಂದಿದೆ. ನಮ್ಮ ತಂದೆಯವರ ನೇಗಿಲಿಗೂ ಒಮ್ಮೆ ಕಪ್ಪನೆಯ, ಭಾರವಾದ ಗಟ್ಟಿಯೊಂದು ಸಿಕ್ಕಿತ್ತು. “ಇದು ಮೇಲಿನಿಂದ ಬಿದ್ದದ್ದು ಕಣಪ್ಪ” ಎಂದು ಅವರು ನನ್ನ ಕೈಗಿತ್ತರು. ಆಯಸ್ಕಾಂತಕ್ಕೂ ಅದು ಸ್ವಲ್ಪ ಅಂಟುತ್ತಿತ್ತು. ಮೂವತ್ತು ವರ್ಷ ಅದು ನನ್ನ ಮೇಜಿನ ಮೇಲಿತ್ತು. ಅದೆಷ್ಟೋ ವಿದ್ಯಾರ್ಥಿಗಳಿಗೆ ಅದನ್ನು ಉಲ್ಕೆಯೆಂದೇ ತೋರಿಸಿದೆ. ನಿವೃತ್ತನಾದ ಮೇಲೆ ಭೂವಿಜ್ಞಾನದ ಮಿತ್ರರೊಬ್ಬರು ಅದರ ಮೂಲೆಯನ್ನು ಅರದಿಂದ ಉಜ್ಜಿ ನೋಡಿದರು. ಒಳಗೆಲ್ಲ ಗುಳ್ಳೆಯೊಡೆದ ತೂತುಗಳು. ನಿಕ್ಕಲಿನ ಸುಳಿವೂ ಇಲ್ಲ. “ಮೇಷ್ಟ್ರೇ, ಇದು ಆಕಾಶದ್ದಲ್ಲ, ನಿಮ್ಮೂರಿನದೇ. ಕಬ್ಬಿಣ ಕರಗಿಸಿದ ಕುಲುಮೆಯ ಕಿಟ್ಟ” ಎಂದರು.

ನಾನು ನಾಚಿದೆ. ಹಸ್ತಪ್ರತಿಯೊಂದರ ಕಾಲ ನಿರ್ಣಯಿಸುವಾಗ ಹತ್ತು ಪ್ರಮಾಣ ಕೇಳುತ್ತಿದ್ದ ನಾನು ಮನೆಯ ಕಲ್ಲಿಗೆ ಒಂದನ್ನೂ ಕೇಳಿರಲಿಲ್ಲ. ಕೇಳಿದರೆ ತಂದೆಯವರ ಮಾತು ಸುಳ್ಳಾದೀತೆಂಬ ಅಂಜಿಕೆ ಒಳಗೆಲ್ಲೋ ಇದ್ದಿರಬೇಕು. ಹೋಬಾದ ಪಿಂಡಕ್ಕೆ ನಿರೀಕ್ಷಿತ ಲಕ್ಷಣಗಳಿರಲಿಲ್ಲ, ಆದರೂ ಅದು ನಿಜ. ನನ್ನದಕ್ಕೆ ಹೊರಲಕ್ಷಣಗಳೆಲ್ಲ ಇದ್ದವು, ಆದರೂ ಅದು ಬೇರೆ.

ನೆನಪಿಗೆಂದು ಜನ ತುಂಡು ಕೊಯ್ದೊಯ್ಯುತ್ತಿದ್ದುದರಿಂದ ಹೋಬಾ ಉಲ್ಕೆ ಸವೆಯುತ್ತ ಬಂತು. 1955ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಲಾಯಿತು. ಬಿದ್ದಲ್ಲೇ ಅದು ಇಂದಿಗೂ ಇದೆ.

ನನ್ನ ಕಿಟ್ಟವೂ ಮೇಜಿನ ಮೇಲೆಯೇ ಇದೆ. ನಮ್ಮೂರಿನಲ್ಲಿ ಎಂದೋ ಅದಿರು ಕರಗಿಸಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರು ಬಿಟ್ಟುಹೋದ ಅಕ್ಷರ ಇದೊಂದೇ. ತಂದೆಯವರಿಗೆ ಇದನ್ನು ತಿಳಿಸುವಂತಿದ್ದರೆ ಅವರು ಬೇಸರಗೊಳ್ಳುತ್ತಿರಲಿಲ್ಲವೆಂದು ಈಗ ನನಗನ್ನಿಸುತ್ತದೆ.