ನಕ್ಷೆಯಲ್ಲಿ ನೇರಳೆ ಬಣ್ಣ: ಕೈಗಾರಿಕಾ ವಲಯದ ಹೊಲ, ಕೈಗಾರಿಕಾ ವಲಯದ ಮನೆ



ಹೋದ ತಿಂಗಳು ಗಿಲ್ಲೆಸುಗೂರಿನಿಂದ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಮಂತ್ರಾಲಯ ರಸ್ತೆ ಕಡೆ ಅವನದು ನಾಲ್ಕು ಎಕರೆ ಹೊಲ ಅದ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ ಅಂದ್ರೆ ಹೇಗಿರ್ತದೆ ಅಂತ ರಾಯಚೂರು, ಮಾನ್ವಿ ಕಡೆಯವರಿಗೆ ನಾನು ಹೇಳೋದು ಬೇಕಿಲ್ಲ. ನೀರು ಬಂದ ವರ್ಷ ಭತ್ತ, ಬರದ ವರ್ಷ ಹತ್ತಿ, ಅದೂ ಆಗದಿದ್ರೆ ಬೆಂಗಳೂರಿಗೆ ಬಸ್ಸು. ಅವನ ಹತ್ತಿರ ಒಬ್ಬ ಬ್ರೋಕರ್ ಬಂದು, "ಈ ಕಡೆ ಎಲ್ಲಾ ಇಂಡಸ್ಟ್ರಿಯಲ್ ಝೋನ್ ಆಗ್ತದೆ. ಆಮೇಲೆ ಸರ್ಕಾರ ಕೊಟ್ಟಷ್ಟು ತಗೋಬೇಕಾಗ್ತದೆ. ಈಗಲೇ ಕೊಟ್ಬಿಡು" ಅಂದಾನಂತೆ. ತಮ್ಮ ನನ್ನನ್ನ ಕೇಳಿದ್ದು ಒಂದೇ ಮಾತು: "ಅಣ್ಣಾ, ಝೋನ್ ಬಂದ್ರೆ ಹೊಲ ಹೋಗ್ತದೇನು?"

ನಾನು ಡಿಪ್ಲೊಮಾ ಸಿವಿಲ್ ಮುಗಿಸಿ ರಾಯಚೂರಿನಲ್ಲಿ ಮನೆ ಪ್ಲ್ಯಾನ್ ಹಾಕೋದು, ಎನ್ಎ ಕಾಗದ ಓಡಾಡಿಸೋದು ಮಾಡ್ಕೊಂಡು ಇಪ್ಪತ್ತು ವರ್ಷದ ಮೇಲಾಯ್ತು. ಈ ಪ್ರಶ್ನೆಗೆ ಫೋನಿನಲ್ಲಿ ಎರಡು ನಿಮಿಷಕ್ಕೆ ಉತ್ತರ ಹೇಳೋಕೆ ಆಗಲಿಲ್ಲ. ಅದಕ್ಕೇ ಇವತ್ತು ಇಲ್ಲಿ ಮಾತಾಡ್ತಿದ್ದೀನಿ.

ಮೊದಲನೇ ಮಾತು. ಜನ ಮೂರು ಬೇರೆ ಬೇರೆ ಸಂಗತಿಗಳನ್ನ ಒಂದೇ ಅಂತ ತಿಳ್ಕೊಂಡಿದ್ದಾರೆ. ಬ್ರೋಕರ್‌ಗಳಿಗೆ ಅನುಕೂಲ ಆಗೋದೂ ಅಲ್ಲೇ.

ಒಂದು, ವಲಯ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಒಂದು ಊರಿಗೆ ಯೋಜನಾ ಪ್ರದೇಶ ಅಂತ ಗುರುತು ಮಾಡ್ತಾರೆ, ಅದರೊಳಗೆ ಮಾಸ್ಟರ್ ಪ್ಲಾನ್ ಮಾಡ್ತಾರೆ. ನಕ್ಷೆಯಲ್ಲಿ ವಾಸದ ಜಾಗ ಹಳದಿ, ವಾಣಿಜ್ಯ ನೀಲಿ, ಸಾರ್ವಜನಿಕ ಕಟ್ಟಡ ಕೆಂಪು, ಉದ್ಯಾನ ಹಸಿರು, ಕೈಗಾರಿಕೆ ನೇರಳೆ. ನಿಮ್ಮ ಸರ್ವೆ ನಂಬರ್ ಮೇಲೆ ನೇರಳೆ ಬಿತ್ತು ಅಂದ್ರೆ ಹೊಲ ನಿಮ್ಮದೇ. ಪಹಣಿಯಲ್ಲಿ ನಿಮ್ಮದೇ ಹೆಸರು. ನಾಳೆ ಬಿತ್ತನೆ ಮಾಡಬಹುದು, ಮಗನಿಗೆ ಭಾಗ ಮಾಡಿ ಕೊಡಬಹುದು. ಬಣ್ಣ ಹೇಳೋದು ಇಷ್ಟೇ: ಮುಂದೆ ಇಲ್ಲಿ ಏನಾದ್ರೂ ಕಟ್ಟೋದಾದ್ರೆ ಇಂಥದ್ದು ಕಟ್ಟಬಹುದು, ಇಂಥದ್ದು ಕಟ್ಟಬಾರದು.

ಎರಡು, ಭೂ ಪರಿವರ್ತನೆ. ನಾವು ಎನ್ಎ ಅಂತೀವಲ್ಲ, ಅದು. 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್. ಜಿಲ್ಲಾಧಿಕಾರಿಗಳ ಹತ್ತಿರ ಹೋಗ್ತದೆ. ಅರ್ಜಿ ಹಾಕೋರು ನೀವು. ನೀವು ಕೇಳದೆ ನಿಮ್ಮ ಹೊಲ ಎನ್ಎ ಆಗೋದಿಲ್ಲ.

ಮೂರು, ಸ್ವಾಧೀನ. ಇದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, ಅಂದ್ರೆ ಕೆಐಎಡಿಬಿ. ಹೊಲ ಹೋಗೋದು ಈ ದಾರಿಯಲ್ಲಿ. ಸೆಕ್ಷನ್ 28(1)ರ ಕೆಳಗೆ ಪ್ರಾಥಮಿಕ ಅಧಿಸೂಚನೆ ಬರ್ತದೆ. ಆಮೇಲೆ ಮಾಲೀಕನಿಗೆ ನೋಟಿಸ್ ಕೊಟ್ಟು, ಆಕ್ಷೇಪಣೆಗೆ 30 ದಿನ ಕಾಲ ಕೊಟ್ಟು, ಹೇಳಿಕೆ ಕೇಳಿ, ಕೊನೆಗೆ 28(4)ರ ಅಂತಿಮ ಅಧಿಸೂಚನೆ. ಅಂತಿಮ ಅಧಿಸೂಚನೆ ಆಯ್ತು ಅಂದ್ರೆ ಭೂಮಿ ಸರ್ಕಾರದ್ದು.

ನಮ್ಮ ತಮ್ಮನಿಗೆ ನಾನು ಹೇಳಿದ ಮೊದಲ ಕೆಲಸ, "ಪಹಣಿ ತೆಗೆಸು, 11ನೇ ಕಾಲಂ ನೋಡು. ಅಲ್ಲಿ ಕೆಐಎಡಿಬಿ ಅಂತ ಏನಾದ್ರೂ ನಮೂದು ಬಂದದೇನು?" ಬಂದಿರಲಿಲ್ಲ. ಎರಡನೇ ಕೆಲಸ, ಆ ಸರ್ವೆ ನಂಬರ್ ಯಾವುದಾದರೂ ಪ್ರಾಧಿಕಾರದ ಯೋಜನಾ ಪ್ರದೇಶದೊಳಗೆ ಅದನೋ ಇಲ್ವೋ ಅಂತ ಬರಹದಲ್ಲಿ ಕೇಳೋದು. ಯೋಜನಾ ಪ್ರದೇಶದ ಹೊರಗಿದ್ರೆ ಬಣ್ಣನೇ ಇಲ್ಲ, ಬಣ್ಣ ಬದಲಾಗೋ ಮಾತು ಎಲ್ಲಿಂದ? ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಹಾಕಿದ್ರೆ 30 ದಿನದಲ್ಲಿ ಉತ್ತರ ಕೊಡಬೇಕು. ಬ್ರೋಕರ್ ಬಾಯಲ್ಲಿ ಕೇಳೋದಕ್ಕಿಂತ ಇದು ಅಗ್ಗ.

ಹಾಗಂತ ಭಯಕ್ಕೆ ಬುಡನೇ ಇಲ್ಲ ಅಂತ ನಾನು ಹೇಳೋದಿಲ್ಲ. ದೇವನಹಳ್ಳಿ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ನೆನಪಿರಬೇಕು ನಿಮಗೆ. 13 ಹಳ್ಳಿ ಜನ ಮೂರು ವರ್ಷದ ಮೇಲೆ ಧರಣಿ ಕೂತರು. 2025ರ ಜುಲೈ 15ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೇವೆ ಅಂದರು. ಅಲ್ಲಿ ಜಗಳ ಬಣ್ಣದ್ದಲ್ಲ, 28ನೇ ಸೆಕ್ಷನ್ನಿನದು. ನಮ್ಮ ಪಕ್ಕದ ಕೊಪ್ಪಳದ್ದು ಇನ್ನೊಂದು ಥರ. 2025ರ ಫೆಬ್ರವರಿ 24ರಂದು ಊರಿಗೆ ಊರೇ ಬಂದ್ ಮಾಡಿ ಬೀದಿಗೆ ಬಂತು. ಅಲ್ಲಿ ಕೇಳಿದ್ದು "ನಮ್ಮ ಹೊಲ ಬಿಡಿ" ಅಂತ ಅಲ್ಲ. "ಊರಿಗೆ ಅಂಟ್ಕೊಂಡು ಇಷ್ಟು ದೊಡ್ಡ ಉಕ್ಕಿನ ಕಾರ್ಖಾನೆ ಯಾಕೆ" ಅಂತ. ನನ್ನ ಲೆಕ್ಕದಲ್ಲಿ ಅದೇ ನಿಜವಾದ ವಲಯದ ಪ್ರಶ್ನೆ. ಕಾರ್ಖಾನೆ ಬೇಕೋ ಬೇಡವೋ ಅನ್ನೋದು ಒಂದು, ಎಲ್ಲಿ ಅನ್ನೋದು ಇನ್ನೊಂದು.

ಈ "ಎಲ್ಲಿ" ಅನ್ನೋದು ಕೋರ್ಟಿಗೆ ಹೋಗಿ ನೂರು ವರ್ಷ ಆಯ್ತು. ಅಮೆರಿಕದ ಒಹಾಯೊ ರಾಜ್ಯದಲ್ಲಿ ಯೂಕ್ಲಿಡ್ ಅಂತ ಒಂದು ಊರು. ಅಲ್ಲಿ ಒಂದು ರಿಯಲ್ ಎಸ್ಟೇಟ್ ಕಂಪನಿಯದು 68 ಎಕರೆ. ಊರಿನವರು ವಲಯ ಮಾಡಿ ಅದರಲ್ಲಿ ಒಂದು ಭಾಗ ವಾಸಕ್ಕೆ ಅಂದರು. ಕಂಪನಿ ಹೇಳ್ತು, ಕಾರ್ಖಾನೆಗೆ ಆದ್ರೆ ಎಕರೆಗೆ 10,000 ಡಾಲರ್, ಮನೆಗೆ ಆದ್ರೆ 2,500, ನಮ್ಮ ದುಡ್ಡು ಹೋಯ್ತು ಅಂತ. 1926ರಲ್ಲಿ ಸುಪ್ರೀಂ ಕೋರ್ಟ್ ಊರಿನ ಕಡೆ ತೀರ್ಪು ಕೊಡ್ತು. ನಮ್ಮ ಕಡೆ ಇದು ಉಲ್ಟಾ ನೋಡ್ರಿ. ನನ್ನ ಆಫೀಸಿಗೆ ಬರೋರಲ್ಲಿ ಹಳದಿಯನ್ನ ನೇರಳೆ ಮಾಡಿಕೊಡಿ ಅಂತ ಕೇಳೋರು ಅಪರೂಪ. ನೇರಳೆಯನ್ನ ಹಳದಿ ಮಾಡಿಕೊಡಿ ಅನ್ನೋರೇ ಎಲ್ಲಾ. ಸೈಟ್ ಮಾಡಿ ಮಾರಿದ್ರೆ ಬರೋ ದುಡ್ಡು ಕಾರ್ಖಾನೆ ಶೆಡ್ಡಿನಲ್ಲಿ ಬರೋದಿಲ್ಲ.

ಆ ಯೂಕ್ಲಿಡ್ ನಿಯಮದಲ್ಲಿ ಒಂದು ವಿಚಿತ್ರ ಇತ್ತು. ವಾಸದ ವಲಯದಲ್ಲಿ ಕಾರ್ಖಾನೆ ಇಲ್ಲ, ಆದ್ರೆ ಕೈಗಾರಿಕಾ ವಲಯದಲ್ಲಿ ಮನೆ ಕಟ್ಟಬಹುದಿತ್ತು. ಮೇಲಿನ ವಲಯದ್ದೆಲ್ಲಾ ಕೆಳಗಿನದರಲ್ಲಿ ನಡೀತಿತ್ತು. ನಮ್ಮ ರಾಜ್ಯದ ವಲಯ ನಿಯಮಾವಳಿಗಳು ಹಾಗಲ್ಲ. ಕೈಗಾರಿಕಾ ವಲಯ ಅಂದ್ರೆ ಕಾರ್ಖಾನೆ, ಗೋದಾಮು, ವೇಬ್ರಿಜ್, ಲಾರಿ ನಿಲ್ಲೋ ಜಾಗ, ಪೆಟ್ರೋಲ್ ಬಂಕ್, ಕ್ಯಾಂಟೀನು, ಇಂಥವು. ಮನೆ ಅಂದ್ರೆ ಕಾವಲುಗಾರನ ಮನೆ, ಅಲ್ಲೇ ಇರಲೇಬೇಕಾದ ಸಿಬ್ಬಂದಿಯ ಮನೆ, ಅಷ್ಟೇ. ಲೇಔಟ್ ಮಾಡಿ ಮೂವತ್ತು-ನಲವತ್ತು ಸೈಟ್ ಮಾರೋಕೆ ಅಲ್ಲಿ ಅವಕಾಶ ಇಲ್ಲ.

ಇಲ್ಲಿ ನಾನು ನನ್ನ ತಪ್ಪು ಒಪ್ಪಿಕೊಳ್ಳಬೇಕು.

ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬರು ಆಟೊ ಓಡಿಸೋರು ಬಂದಿದ್ದರು. ಊರ ಹೊರಗೆ ಸೈಟ್ ತಗೊಂಡಿದ್ದರು, ಬಾಂಡ್ ಪೇಪರ್ ಮೇಲೆ. ಹೆಂಡತಿ ಬಂಗಾರ ಮಾರಿ ಕೊಟ್ಟ ದುಡ್ಡು. ನಾನು ಪ್ಲ್ಯಾನ್ ಹಾಕಿದೆ, ಫೀಸು ತಗೊಂಡೆ. ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಆ ಸರ್ವೆ ನಂಬರ್ ಯಾವ ಬಣ್ಣದಲ್ಲಿ ಅದ ಅಂತ ನೋಡಲಿಲ್ಲ. ನೋಡಬೇಕು ಅನ್ನೋ ಬುದ್ಧಿನೂ ಆಗ ಇರಲಿಲ್ಲ, ಅಳತೆ ಸರಿ ಬಂದ್ರೆ ಸಾಕು ಅಂದ್ಕೊಂಡಿದ್ದೆ. ಅದು ನೇರಳೆ. ಪ್ಲ್ಯಾನ್ ವಾಪಸ್ ಬಂತು, ಬ್ಯಾಂಕ್ ಸಾಲ ಕೊಡಲಿಲ್ಲ. ಅವರು ಬಡ್ಡಿ ಸಾಲ ತಂದು, ಪರ್ಮಿಷನ್ ಇಲ್ಲದೆ ಎರಡು ಕೋಣೆ ಹಾಕ್ಕೊಂಡರು. ಇವತ್ತಿಗೂ ಅಲ್ಲೇ ಇದ್ದಾರೆ. ಸುತ್ತಮುತ್ತ ಅಂಥವೇ ಇನ್ನಷ್ಟು ಮನೆ ಆಗ್ಯಾವ.

ಆಮೇಲೆ ಅವರ ಹಿಂದೆ ಒಂದು ಕಾರ್ಖಾನೆ ಬಂತು. ರಾತ್ರಿ ಸದ್ದು, ಗಾಳಿ ತಿರುಗಿದಾಗ ಕಣ್ಣುರಿಯೋ ವಾಸನೆ. ಒಂದು ಕಚೇರಿಗೆ ದೂರು ಕೊಡೋಕೆ ಹೋದಾಗ ಅಲ್ಲಿ ಸಿಕ್ಕ ಉತ್ತರ, "ಅಕ್ರಮವಾಗಿ ಕೂತಿರೋದು ನೀವು, ಕಾರ್ಖಾನೆ ಅಲ್ಲ." ಆ ಮನುಷ್ಯ ನನ್ನ ಆಫೀಸಿಗೆ ಬಂದು ಸುಮ್ಮನೆ ಕೂತಿದ್ದರು. ಬೈದಿದ್ರೆ ನನಗೆ ಹಗುರ ಆಗ್ತಿತ್ತು.

ಆಗ ನಾನು ಕಾನೂನು ಓದೋಕೆ ಶುರು ಮಾಡಿದೆ. ಆ ಕಚೇರಿಯ ಉತ್ತರ ಅರ್ಧ ಸರಿ, ಅರ್ಧ ತಪ್ಪು.

ಸರಿ ಇರೋ ಅರ್ಧ ಶಬ್ದದ್ದು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಲಯ ನೋಡಿ ಮಿತಿ ಹಾಕ್ತಾರೆ. ವಾಸದ ಪ್ರದೇಶ ಹಗಲು 55 ಡೆಸಿಬಲ್, ರಾತ್ರಿ 45. ಕೈಗಾರಿಕಾ ಪ್ರದೇಶ ಹಗಲು 75, ರಾತ್ರಿ 70. ರಾತ್ರಿ ಅಂದ್ರೆ ಹತ್ತರಿಂದ ಬೆಳಗ್ಗೆ ಆರು. ಡೆಸಿಬಲ್ ಲೆಕ್ಕ ಸಾದಾ ಕೂಡೋ ಲೆಕ್ಕ ಅಲ್ಲ. ಹತ್ತು ಹೆಚ್ಚಾದ್ರೆ ಶಬ್ದದ ಶಕ್ತಿ ಹತ್ತು ಪಟ್ಟು. 45ಕ್ಕೂ 70ಕ್ಕೂ ಮುನ್ನೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಅಂದ್ರೆ ಬಣ್ಣ ಬೇರೆ ಆಗಿದ್ದಕ್ಕೆ ಅವರ ಮಗಳು ಓದೋ ಕೋಣೆಯಲ್ಲಿ ಆ ಸದ್ದು ಕಾನೂನುಬದ್ಧ.

ತಪ್ಪಿರೋ ಅರ್ಧ ಗಾಳಿಯದ್ದು. 2009ರ ನವೆಂಬರ್‌ನಲ್ಲಿ ರಾಷ್ಟ್ರೀಯ ಗಾಳಿ ಗುಣಮಟ್ಟದ ಮಾನದಂಡ ಬದಲಾಯ್ತು. ಅದಕ್ಕೂ ಮುಂಚೆ ಕೈಗಾರಿಕಾ ಪ್ರದೇಶಕ್ಕೆ ಸಡಿಲ ಮಿತಿ, ವಾಸದ ಪ್ರದೇಶಕ್ಕೆ ಬಿಗಿ ಮಿತಿ ಇತ್ತು. ಈಗ ಎರಡಕ್ಕೂ ಒಂದೇ. ಪಿಎಂ 10 ಅನ್ನೋ ಸಣ್ಣ ಧೂಳು ಒಂದು ದಿನದ ಸರಾಸರಿಯಲ್ಲಿ ಘನ ಮೀಟರ್‌ಗೆ 100 ಮೈಕ್ರೊಗ್ರಾಂ, ವರ್ಷದ ಸರಾಸರಿ 60. ನೇರಳೆ ಆಗಲಿ, ಹಳದಿ ಆಗಲಿ. ಶ್ವಾಸಕೋಶಕ್ಕೆ ವಲಯ ಇಲ್ಲ ಅಂತ ಕನಿಷ್ಠ ಇಲ್ಲಿ ಒಪ್ಪಿಕೊಂಡಿದ್ದಾರೆ. ಅದರ ಜೊತೆಗೆ ಪ್ರತಿ ಕಾರ್ಖಾನೆಗೂ 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ ಕೆಳಗೆ ಸಮ್ಮತಿ ಪತ್ರ ಕೊಡುವಾಗ ಷರತ್ತು ಹಾಕಿರ್ತಾರೆ. ಆ ಷರತ್ತು ಮುರಿದ್ರೆ, ದೂರು ಕೊಡೋರ ಮನೆಗೆ ಖಾತಾ ಅದನೋ ಇಲ್ವೋ ಅನ್ನೋದು ಪ್ರಶ್ನೆನೇ ಅಲ್ಲ. ಅವರು ಮತ್ತೆ ಹೋದರು, ಈ ಸಲ ಸಮ್ಮತಿ ಪತ್ರದ ಪ್ರತಿ ಕೈಯಲ್ಲಿ ಹಿಡ್ಕೊಂಡು. ದೂರು ತಗೊಂಡು ಸ್ವೀಕೃತಿ ಕೊಟ್ಟರು. ವಾಸನೆ ಪೂರ್ತಿ ನಿಂತಿಲ್ಲ, ಕಡಿಮೆ ಆಗ್ಯಾದ.

ಇನ್ನೊಂದು ವಿಷಯ ಬೇಗ ಹೇಳಿಬಿಡ್ತೀನಿ. ನೇರಳೆ ಅಂದ ತಕ್ಷಣ ಎಲ್ಲಾ ಕಾರ್ಖಾನೆ ಒಂದೇ ಅಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ಭಾಗ ಮಾಡ್ತು. ಔಷಧದ ಕಚ್ಚಾ ರಾಸಾಯನಿಕ ಮಾಡೋದು ಕೆಂಪು, ಬೇಳೆ ಮಿಲ್ಲು ಹಸಿರು. ಹಾಗಿದ್ದಾಗ ನಕ್ಷೆಯಲ್ಲಿ ಎರಡನ್ನೂ ಒಂದೇ ನೇರಳೆ ಒಳಗೆ ಹಾಕಿ, ಪಕ್ಕದಲ್ಲೇ ಹಳದಿ ಬಳಿದ್ರೆ ಅದು ಯೋಜನೆ ಮಾಡೋರ ಸೋಮಾರಿತನ ಅಂತ ನನ್ನ ಅಭಿಪ್ರಾಯ. ಹಳದಿ ಪಕ್ಕ ಬೇಳೆ ಮಿಲ್ಲು, ಗೋದಾಮು, ಅದರಾಚೆ ಮರದ ಪಟ್ಟಿ, ಅದರಾಚೆ ಕೆಂಪು, ಹೀಗೆ ಇಡೋದು ಕಷ್ಟದ ಕೆಲಸ ಏನಲ್ಲ. ಶಕ್ತಿನಗರದ ಚಿಮಣಿ 1985ರಿಂದ ನೋಡ್ತಿರೋ ನಮಗೆ, ಗಾಳಿ ಯಾವ ಕಡೆ ಬೀಸ್ತದೆ ಅಂತ ಯಾರೂ ಪಾಠ ಹೇಳಬೇಕಿಲ್ಲ.

ಬಣ್ಣ ಬದಲಾಯಿಸೋಕೆ ದಾರಿ ಇಲ್ವಾ? ಅದ. ಅದೇ 1961ರ ಕಾಯ್ದೆಯ 14ಎ ಸೆಕ್ಷನ್. ಆದ್ರೆ ಬದಲಾವಣೆ ಸಾರ್ವಜನಿಕ ಹಿತದಲ್ಲಿ ಇರಬೇಕು, ಸರ್ಕಾರದ ಪೂರ್ವಾನುಮತಿ ಬೇಕು, ಪ್ರಸ್ತಾವನೆಯನ್ನ ಆ ಭಾಗದ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಬೇಕು. ಪತ್ರಿಕೆ ಮೂಲೆಯಲ್ಲಿ ಇರುವೆ ಸಾಲಿನಂಗೆ ಅಕ್ಷರ ಇರ್ತಾವಲ್ಲ, ಅದು ಇದೇ. ನಾವು ಕ್ರಿಕೆಟ್ ಪುಟಕ್ಕೆ ಹೋಗಿಬಿಡ್ತೀವಿ. ಇಡೀ ಮಾಸ್ಟರ್ ಪ್ಲಾನ್ ಪರಿಷ್ಕರಣೆ ಹತ್ತು ವರ್ಷಕ್ಕೊಮ್ಮೆಯಾದ್ರೂ ಆಗಬೇಕು, ಆಗಲೂ ಸಾರ್ವಜನಿಕರ ಆಕ್ಷೇಪಣೆ ಕೇಳ್ತಾರೆ. ಆ ಆಟೊದವರ ಓಣಿಯಿಂದ ಮುಂದಿನ ಸಲ ಒಂದು ಅರ್ಜಿ ಹೋಗ್ತದೆ, ಇರೋ ಮನೆಗಳನ್ನ ನಕ್ಷೆಯಲ್ಲಿ ತೋರಿಸಿ ಅಂತ. ಅಳತೆ ಹಿಡಿದು ನಕ್ಷೆ ಮಾಡಿಕೊಡೋದು ನನ್ನ ಕೆಲಸ, ಫೀಸಿಲ್ಲ.

ತಮ್ಮನ ವಿಷಯಕ್ಕೆ ಬರ್ತೀನಿ. ಮಾಹಿತಿ ಹಕ್ಕಿನ ಅರ್ಜಿ ಹಾಕ್ಯಾನ, ಉತ್ತರ ಇನ್ನೂ ಬಂದಿಲ್ಲ. ಬ್ರೋಕರ್ ಮತ್ತೆ ಬಂದಿದ್ದನಂತೆ. ಇವನು, "ಯಾವ ಅಧಿಸೂಚನೆ, ನಂಬರ್ ಹೇಳು, ತಾರೀಖು ಹೇಳು" ಅಂದಾನ. ಆ ಮನುಷ್ಯ ಚಹಾ ಕುಡಿದು ಎದ್ದು ಹೋದನಂತೆ. ಈ ವರ್ಷ ಕಾಲುವೆಗೆ ನೀರು ಬಿಟ್ರೆ ಭತ್ತ ಹಾಕ್ತೀನಿ ಅಂದಾನ. ನೀರಿನದು ಬೇರೆ ಕಥೆ, ಅದಕ್ಕೆ ಇನ್ನೊಂದು ದಿನ ಕೂರೋಣ.