ಕೆರೆಯ ಮೀನು, ಡ್ರಮ್ಮಿನ ನೀರು
(ದುವ್ವಾಡದ ಕಾರ್ಮಿಕರ ಕೂಟದಲ್ಲಿ ಆಡಿದ ಮಾತು)



ಕಳೆದ ಮಳೆಗಾಲದಲ್ಲಿ ನಮ್ಮ ಸಂಗಾತಿಯೊಬ್ಬ ಡೆಂಗೆ ಜ್ವರದಿಂದ ಹದಿನೈದು ದಿನ ಮಲಗಿದ. ಆ ದಿನಗಳ ಸಂಬಳ ಅವನ ಕೈಸೇರಲಿಲ್ಲ. ಆದ್ದರಿಂದ ಸೊಳ್ಳೆಯ ಮಾತು ನಮಗೆ ಕೂಲಿಯ ಮಾತೂ ಹೌದು.

ಸರಕಾರ ಸುಮ್ಮನಿಲ್ಲ. 2023ರಲ್ಲಿ ಆಂಧ್ರದ ಕೆರೆಕುಂಟೆಗಳಿಗೆ ಸುಮಾರು ಒಂದು ಕೋಟಿ ಗಂಬೂಸಿಯಾ ಮೀನುಗಳನ್ನು ಬಿಡಿಸಿತು. ಅವು ಸೊಳ್ಳೆಮರಿ ತಿನ್ನುತ್ತವೆ, ನಿಜ. ಆದರೆ ಅಮೆರಿಕ ಮೂಲದ ಈ ಮೀನು 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತಂದದ್ದು. ನಾಡಮೀನುಗಳ ಮೊಟ್ಟೆಯನ್ನೂ ಕಪ್ಪೆಯ ಗೊದಮೊಟ್ಟೆಯನ್ನೂ ಬಿಡದು. ನಮ್ಮ ಸಣ್ಣ ನಾಡಮೀನುಗಳಲ್ಲೇ ಸೊಳ್ಳೆಮರಿ ತಿನ್ನುವವಿವೆ. ಕೆರೆಗೆ ಅವನ್ನೇ ಬಿಡಿರೆಂದು ವಿಶಾಖಪಟ್ಟಣದ ನಗರಪಾಲಿಕೆಗೆ ಮನವಿ ಕೊಡೋಣ.

ಇಷ್ಟಾದರೂ ಡೆಂಗೆಯ ಸೊಳ್ಳೆ ಕೆರೆಯದಲ್ಲ. ಅದು ಹುಟ್ಟುವುದು ನಮ್ಮ ಹೋಟೆಲಿನ ಡ್ರಮ್ಮಿನಲ್ಲಿ, ಹಿತ್ತಲ ಒಡೆದ ಮಡಕೆಯಲ್ಲಿ, ಹಳೆಯ ಟಯರಿನಲ್ಲಿ. ಮೊಟ್ಟೆಗೆ ರೆಕ್ಕೆ ಮೂಡಲು ಏಳೆಂಟು ದಿನ ಸಾಕು. ಪಾತ್ರೆಯ ಗೋಡೆಗಂಟಿದ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ತಿಕ್ಕಿ ತೊಳೆದು ಮುಚ್ಚಬೇಕು.

ಇದಕ್ಕೆ ವಾರಕ್ಕೆ ಅರ್ಧ ಗಂಟೆ ಬೇಕು. ಅದು ಕೆಲಸದ ವೇಳೆಯಲ್ಲೇ ಸಿಗಬೇಕು, ನಮ್ಮ ಊಟದ ಬಿಡುವಿನಲ್ಲಲ್ಲ. ಧಣಿಗಳನ್ನು ಒಬ್ಬೊಬ್ಬರಾಗಿ ಕೇಳಿದರೆ ಗದರಿಸಿಯಾರು. ಎಲ್ಲರೂ ಕೂಡಿ ಕೇಳೋಣ.